ಬಾವುಟದ ಮುಂದಿನ ಭಕ್ತಿ: ನಾಗರಿಕ ಧರ್ಮ ದೇಶಕ್ಕೆ ಏನು ಮಾಡುತ್ತದೆ?

ಪ್ರಶ್ನೆ: ಬಾವುಟ, ರಾಷ್ಟ್ರಗೀತೆ, ಸಂವಿಧಾನ, ಯುದ್ಧಸ್ಮಾರಕ ಇವುಗಳ ಸುತ್ತ ಬೆಳೆಯುವ ಭಕ್ತಿಯನ್ನು ‘ನಾಗರಿಕ ಧರ್ಮ’ ಎನ್ನುತ್ತಾರೆ ಎಂದು ಓದಿದೆ. ಇದು ನಿಜಕ್ಕೂ ಧರ್ಮವೇ, ಇಲ್ಲಾ ದೇಶಪ್ರೇಮಕ್ಕೆ ಇಟ್ಟ ಇನ್ನೊಂದು ಹೆಸರೇ? ಧರ್ಮ ಬೇರೆ, ಸರ್ಕಾರ ಬೇರೆ ಎನ್ನುವ ದೇಶಗಳಲ್ಲೂ ಇದು ಯಾಕೆ ಇದೆ? ಇದರಿಂದ ರಾಜಕೀಯಕ್ಕೆ ಒಳ್ಳೆಯದೋ ಅಪಾಯವೋ? ಶಾಲೆಯಲ್ಲಿ ಮಕ್ಕಳಿಂದ ಪ್ರತಿಜ್ಞೆ ಹೇಳಿಸುವುದು ಸರಿಯೇ?

ಉತ್ತರ: ಶಾಲೆಯ ಪ್ರಶ್ನೆಗೆ ಕೊನೆಗೆ ಬರುತ್ತೇನೆ. ಉಳಿದದ್ದೆಲ್ಲ ಇತ್ಯರ್ಥವಾಗುವುದು ಅಲ್ಲೇ. ನನ್ನ ನಿಲುವನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಲಕ್ಷಾಂತರ ಅಪರಿಚಿತರು ಒಂದೇ ಕಾನೂನಿನ ಕೆಳಗೆ ಬದುಕಬೇಕಾದ ಕಡೆ ಈ ಭಕ್ತಿ ಯಾವುದಾದರೂ ರೂಪದಲ್ಲಿ ಹುಟ್ಟಿಕೊಳ್ಳುತ್ತದೆ. ಅದನ್ನು ಅಳೆಯಲು ನಾನು ಎರಡು ವಿಷಯ ನೋಡುತ್ತೇನೆ. ಆ ಭಕ್ತಿಯ ಮಾತುಗಳನ್ನೇ ಹಿಡಿದು ಸಾಮಾನ್ಯ ಪ್ರಜೆ ಸರ್ಕಾರವನ್ನು ‘ನೀನು ತಪ್ಪು ಮಾಡಿದೆ’ ಎಂದು ಕೇಳಬಹುದೇ? ತಲೆಬಾಗಲು ಒಲ್ಲದವನನ್ನು ಅದು ನೆಮ್ಮದಿಯಿಂದ ಇರಲು ಬಿಡುತ್ತದೆಯೇ? ಎರಡಕ್ಕೂ ಹೌದು ಎಂದರೆ ಅದರಿಂದ ದೇಶಕ್ಕೆ ಒಳಿತಿದೆ. ಇಲ್ಲ ಎಂದರೆ ಅಲ್ಲಿ ದೇಶವೇ ದೇವರಾಗಿ ಕೂತಿದೆ ಎಂದರ್ಥ.

1961ರ ಜನವರಿ 20ರಂದು ಜಾನ್ ಎಫ್. ಕೆನಡಿ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡರು. ಆ ಹುದ್ದೆಗೆ ಬಂದ ಮೊದಲ ಕ್ಯಾಥೊಲಿಕ್ ಅವರು. ಅವರ ಭಾಷಣ ಚಿಕ್ಕದು. ಅದರಲ್ಲಿ ದೇವರ ಹೆಸರು ಮೂರು ಸಲ ಬರುತ್ತದೆ. ನಿಮ್ಮ ಎದುರು ಮತ್ತು ದೇವರ ಎದುರು ಪ್ರಮಾಣ ಮಾಡಿದ್ದೇನೆ ಎಂದು ಒಮ್ಮೆ. ಮನುಷ್ಯನ ಹಕ್ಕುಗಳು ಬಂದಿರುವುದು ಸರ್ಕಾರದ ಔದಾರ್ಯದಿಂದಲ್ಲ, ದೇವರ ಕೈಯಿಂದ ಎಂದು ಇನ್ನೊಮ್ಮೆ. ಭೂಮಿಯ ಮೇಲೆ ದೇವರ ಕೆಲಸವನ್ನು ಮಾಡಬೇಕಾದವರು ನಾವೇ ಎಂದು ಕೊನೆಗೆ. ಆದರೆ ಯೇಸುವಿನ ಹೆಸರಿಲ್ಲ, ಚರ್ಚಿನ ಮಾತಿಲ್ಲ, ತಮ್ಮ ಕ್ಯಾಥೊಲಿಕ್ ನಂಬಿಕೆಯ ಸುಳಿವೂ ಇಲ್ಲ. ಹಾಗಾದರೆ ಅಲ್ಲಿ ಬಂದದ್ದು ಯಾವ ದೇವರು?

ಸಮಾಜಶಾಸ್ತ್ರಜ್ಞ ರಾಬರ್ಟ್ ಬೆಲ್ಲಾ 1967ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದನ್ನೇ ಕೇಳಿಕೊಂಡರು. ಇವತ್ತು ನಾವು ನಾಗರಿಕ ಧರ್ಮದ ಬಗ್ಗೆ ಆಡುವ ಮಾತಿನ ಬಹುಪಾಲು ಆ ಪ್ರಬಂಧದಿಂದ ಬಂದದ್ದು. ಅಮೆರಿಕದಲ್ಲಿ ಚರ್ಚುಗಳ ಪಕ್ಕದಲ್ಲೇ, ಅವುಗಳಿಗೆ ಸೇರದ, ಅವುಗಳ ಜೊತೆ ಜಗಳವನ್ನೂ ಆಡದ ಇನ್ನೊಂದು ಧರ್ಮ ಇದೆ ಎಂದರು ಬೆಲ್ಲಾ. ಅದಕ್ಕೆ ತನ್ನದೇ ಪವಿತ್ರ ಗ್ರಂಥಗಳಿವೆ: ಸ್ವಾತಂತ್ರ್ಯ ಘೋಷಣೆ, ಸಂವಿಧಾನ, ಅಧ್ಯಕ್ಷ ಲಿಂಕನ್ನರ ಭಾಷಣಗಳು. ತನ್ನದೇ ಹುತಾತ್ಮರು, ಪುಣ್ಯದಿನಗಳು, ತೀರ್ಥಕ್ಷೇತ್ರಗಳು ಇವೆ. ಸ್ವಾತಂತ್ರ್ಯ ಘೋಷಣೆಯ ಮೂಲ ಹಾಳೆಯನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ, ಮಂದ ಬೆಳಕಿನ ದೊಡ್ಡ ಗುಮ್ಮಟದ ಕೆಳಗೆ ಇಟ್ಟಿದ್ದಾರೆ. ಸಾಲು ಹಚ್ಚಿ ಬಂದ ಜನ ಅದರ ಮುಂದೆ ದನಿ ತಗ್ಗಿಸಿ ಮಾತಾಡುತ್ತಾರೆ. ಶಾಯಿ ಎಷ್ಟು ಮಾಸಿದೆ ಎಂದರೆ ಹೆಚ್ಚಿನ ಸಾಲುಗಳನ್ನು ಓದಲು ಆಗುವುದೇ ಇಲ್ಲ. ಅವರು ಓದಲು ಬಂದಿಲ್ಲ, ದರ್ಶನಕ್ಕೆ ಬಂದಿದ್ದಾರೆ.

ಹಾಗಾದರೆ ಇದು ಧರ್ಮವೇ? ಮೋಕ್ಷ, ಪರಲೋಕ, ಪಾಪಕ್ಷಮೆ ಇವನ್ನು ಕೊಡುವುದೇ ಧರ್ಮ ಎಂದುಕೊಂಡರೆ ಅಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1912ರಲ್ಲಿ ಹೇಳಿದಂತೆ, ಒಂದು ಗುಂಪು ಕೆಲವು ವಸ್ತುಗಳನ್ನು ಪವಿತ್ರ ಎಂದು ಬೇರೆ ಇಟ್ಟು, ಅವುಗಳ ಸುತ್ತ ಸೇರಿ ತನ್ನ ಒಗ್ಗಟ್ಟನ್ನು ತಾನೇ ಅನುಭವಿಸುವುದು ಧರ್ಮ ಎಂದುಕೊಂಡರೆ ಹೌದು. ಬಾವುಟ ಬರೀ ಬಟ್ಟೆ ತಾನೇ? ಆದರೂ ಯಾರಾದರೂ ಅದನ್ನು ತುಳಿದರೆ ಬಟ್ಟೆ ಹಾಳಾಯಿತು ಎಂದು ಯಾರೂ ಸಿಟ್ಟಾಗುವುದಿಲ್ಲ. ದೇಶಪ್ರೇಮಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ದೇಶಪ್ರೇಮ ಒಬ್ಬನ ಮನಸ್ಸಿನೊಳಗೆ ಸುಮ್ನೆ ಇರಬಹುದು. ನಾಗರಿಕ ಧರ್ಮಕ್ಕೆ ಜಾಗ ಬೇಕು, ದಿನ ಬೇಕು, ಎಲ್ಲರೂ ಸೇರಿ ಹೇಳುವ ಮಾತು ಬೇಕು.

ಬೆಲ್ಲಾ ಈ ಹೆಸರನ್ನು ಹದಿನೆಂಟನೇ ಶತಮಾನದ ಚಿಂತಕ ರೂಸೋನಿಂದ ಪಡೆದರು. ಸಂಗತಿ ಮಾತ್ರ ಅದಕ್ಕಿಂತ ಬಹಳ ಹಳೆಯದು. ರೋಮ್ ಸಾಮ್ರಾಜ್ಯದಲ್ಲಿ ಬಹುಮಟ್ಟಿಗೆ ಯಾವ ದೇವರನ್ನು ಬೇಕಾದರೂ ಪೂಜಿಸಬಹುದಿತ್ತು, ಚಕ್ರವರ್ತಿಯ ಪ್ರತಿಮೆಗೂ ಒಂದಿಷ್ಟು ಧೂಪ, ದ್ರಾಕ್ಷಾರಸ ಅರ್ಪಿಸಿದರೆ ಆಯಿತು. ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಎಂಬ ಪ್ರಾಂತಾಧಿಕಾರಿ ಚಕ್ರವರ್ತಿ ಟ್ರೇಜನ್‌ಗೆ ಬರೆದ ಪತ್ರ ಉಳಿದುಬಂದಿದೆ. ಕ್ರೈಸ್ತರು ಎಂದು ದೂರು ಬಂದವರನ್ನು ಆತ ಇದೇ ರೀತಿ ಪರೀಕ್ಷಿಸುತ್ತಿದ್ದ. ಪ್ರತಿಮೆಗೆ ಧೂಪ ಹಾಕಿ ಕ್ರಿಸ್ತನನ್ನು ಬೈದರೆ ಬಿಡುಗಡೆ. ಹಟ ಹಿಡಿದರೆ ಮರಣ. ಅವರ ನಂಬಿಕೆ ಏನೇ ಇರಲಿ, ಆ ಹಟಕ್ಕೇ ಶಿಕ್ಷೆ ಆಗಬೇಕು ಎಂದು ಆತ ಬರೆದಿದ್ದಾನೆ. ಈ ಸಾಲನ್ನು ನೆನಪಿಡಿ. ಮುಂದೆ ಜಪಾನಿನಲ್ಲೂ ಅಮೆರಿಕದಲ್ಲೂ ಇದೇ ಮನೋಭಾವ ಬೇರೆ ಬೇರೆ ವೇಷದಲ್ಲಿ ಬರುತ್ತದೆ.

1762ರಲ್ಲಿ ಬಂದ ‘ಸಾಮಾಜಿಕ ಒಪ್ಪಂದ’ ಎಂಬ ಪುಸ್ತಕದ ಕೊನೆಯ ಭಾಗದಲ್ಲಿ ರೂಸೋ ಇದನ್ನು ಒಂದು ಸಿದ್ಧಾಂತವಾಗಿ ಕಟ್ಟಿದ. ಅವನ ಚಿಂತೆ ಸರಳ. ಕ್ರೈಸ್ತಧರ್ಮ ಮನುಷ್ಯನಿಗೆ ಇಬ್ಬರು ಒಡೆಯರನ್ನು ಕೊಟ್ಟಿದೆ. ಅವನ ಆತ್ಮ ಚರ್ಚಿನದು, ದೇಹ ರಾಜ್ಯದ್ದು. ಹೀಗೆ ಹರಿದುಹೋದವನು ಒಳ್ಳೆಯ ಪ್ರಜೆ ಆಗುವುದು ಹೇಗೆ? ಅದಕ್ಕೆ ರಾಜ್ಯವೇ ಕೆಲವೇ ಕೆಲವು ನಂಬಿಕೆಗಳನ್ನು ಗೊತ್ತುಮಾಡಲಿ ಎಂದ. ದೇವರಿದ್ದಾನೆ. ಸತ್ತ ಮೇಲೂ ಬದುಕಿದೆ. ಒಳ್ಳೆಯವರಿಗೆ ಸುಖ, ಕೆಟ್ಟವರಿಗೆ ಶಿಕ್ಷೆ. ಸಾಮಾಜಿಕ ಒಪ್ಪಂದವೂ ಕಾನೂನುಗಳೂ ಪವಿತ್ರ. ಜೊತೆಗೆ ಒಂದೇ ಒಂದು ನಿಷೇಧ: ಪರಧರ್ಮದ ಬಗ್ಗೆ ಅಸಹನೆ ಕೂಡದು.

ಕೇಳಲು ಎಷ್ಟು ಉದಾರವಾಗಿದೆ, ಅಲ್ವಾ? ಆದರೆ ಮುಂದಿನ ಸಾಲುಗಳನ್ನು ಓದಿದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇವನ್ನು ನಂಬದವನನ್ನು ರಾಜ್ಯ ಗಡಿಪಾರು ಮಾಡಬಹುದು ಎನ್ನುತ್ತಾನೆ ರೂಸೋ. ದೇವರನ್ನು ನಂಬದವನು ಎಂಬ ಕಾರಣಕ್ಕಲ್ಲ, ಸಮಾಜದಲ್ಲಿ ಬಾಳಲಾರದವನು ಎಂಬ ಕಾರಣಕ್ಕೆ. ಒಮ್ಮೆ ಒಪ್ಪಿಕೊಂಡು ಆಮೇಲೆ ನಂಬದವನಂತೆ ನಡೆದರೆ ಮರಣದಂಡನೆ. ಯಾಕೆಂದರೆ ಅವನು ಕಾನೂನಿನ ಎದುರು ಸುಳ್ಳು ಹೇಳಿದ್ದಾನೆ. ಅಸಹನೆ ಬೇಡ ಎನ್ನುವ ಧರ್ಮವನ್ನು ಕಾಪಾಡಲು ಗಲ್ಲುಗಂಬ! ನಾಗರಿಕ ಧರ್ಮದ ಅಪಾಯವನ್ನು ಅದರ ವಿರೋಧಿಗಳು ಕಂಡುಹಿಡಿಯಬೇಕಾಗಿರಲಿಲ್ಲ. ಅದನ್ನು ಮೊದಲು ಬರೆದಿಟ್ಟ ಪುಟದಲ್ಲೇ ಅದು ಇತ್ತು. ಅಂದಹಾಗೆ, ರೂಸೋನ ಹುಟ್ಟೂರು ಜಿನೀವಾ ಅದೇ ವರ್ಷ ಆ ಪುಸ್ತಕವನ್ನು ಸುಟ್ಟುಹಾಕಿತು.

ಫ್ರಾನ್ಸಿನ ಕ್ರಾಂತಿಕಾರರು ಈ ಯೋಚನೆಯನ್ನು ಜಾರಿಗೆ ತರಲು ನೋಡಿದರು. 1794ರ ಜೂನ್ 8ರಂದು ಪ್ಯಾರಿಸ್ಸಿನಲ್ಲಿ ‘ಪರಮಾತ್ಮನ ಹಬ್ಬ’ ನಡೆಯಿತು. ಚಿತ್ರಕಾರ ಜಾಕ್ ಲೂಯಿ ಡೇವಿಡ್ ಅದರ ವಿನ್ಯಾಸ ಮಾಡಿದ್ದ. ಮೈದಾನದಲ್ಲಿ ಒಂದು ಕೃತಕ ಬೆಟ್ಟವನ್ನೇ ಕಟ್ಟಿದ್ದರು. ನಾಸ್ತಿಕತೆಯ ಪ್ರತಿಮೆಗೆ ಕ್ರಾಂತಿಯ ನಾಯಕ ರೋಬೆಸ್ಪಿಯರ್ ಬೆಂಕಿ ಇಟ್ಟಾಗ ಒಳಗಿನಿಂದ ವಿವೇಕದ ಪ್ರತಿಮೆ ಕಾಣಿಸಿಕೊಂಡಿತು. ಎರಡು ತಿಂಗಳು ಕಳೆಯುವುದರೊಳಗೆ, ಜುಲೈ 28ರಂದು, ರೋಬೆಸ್ಪಿಯರನ ತಲೆ ಉರುಳಿತು. ಹಬ್ಬವೂ ಅವನ ಜೊತೆಗೇ ಹೋಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಆ ಹಬ್ಬ ಮೇಲಿನಿಂದ ಇಳಿದುಬಂದದ್ದು. ಅದರಲ್ಲಿ ಯಾರ ನೆನಪೂ ಇರಲಿಲ್ಲ, ಯಾರ ಸಾವಿನ ನೋವೂ ಇರಲಿಲ್ಲ. ಅದೇ ಫ್ರಾನ್ಸಿನಲ್ಲಿ ಬಾಸ್ಟೀಲ್ ಕೋಟೆ ಬಿದ್ದ ಜುಲೈ 14 ಉಳಿದುಕೊಂಡಿತು. 1880ರಲ್ಲಿ ರಾಷ್ಟ್ರೀಯ ಹಬ್ಬವಾಯಿತು. 1791ರಲ್ಲಿ ಒಂದು ಚರ್ಚನ್ನು ಬದಲಾಯಿಸಿ ಮಹಾಪುರುಷರ ಸಮಾಧಿಮಂದಿರ ಮಾಡಿದ ಪ್ಯಾಂಥಿಯನ್ನೂ ಉಳಿಯಿತು. ರೂಸೋನ ಅಸ್ಥಿ ಈಗ ಇರುವುದು ಅಲ್ಲೇ. 1905ರ ಕಾನೂನಿನಿಂದ ಚರ್ಚನ್ನು ಸರ್ಕಾರದಿಂದ ಪೂರ್ತಿ ಬೇರೆ ಮಾಡಿದ ದೇಶ ಅದು. ಅಲ್ಲಿಯೂ ಒಬ್ಬರನ್ನು ಪ್ಯಾಂಥಿಯನ್ನಿಗೆ ಸೇರಿಸುವ ದಿನದ ಸಮಾರಂಭ ನೋಡಿದರೆ ಸಂತರ ಪಟ್ಟಿಗೆ ಹೆಸರು ಸೇರಿಸುವ ವಿಧಿಯೇ ನೆನಪಾಗುತ್ತದೆ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದರಲ್ಲಿದೆ. ಚರ್ಚನ್ನು ಹೊರಗೆ ಕಳಿಸಿದರೂ ‘ನಾವು ಯಾಕೆ ಒಟ್ಟಿಗಿದ್ದೇವೆ, ಯಾರ ಋಣದಲ್ಲಿದ್ದೇವೆ’ ಎಂಬ ಪ್ರಶ್ನೆ ಹೊರಗೆ ಹೋಗುವುದಿಲ್ಲ. ಆ ಖಾಲಿ ಜಾಗವನ್ನು ಏನಾದರೊಂದು ತುಂಬುತ್ತದೆ.

ಇದು ರಾಜಕೀಯದಲ್ಲಿ ಮಾಡುವ ಕೆಲಸವೇನು ಎಂದು ನೋಡಲು, ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ ಅಮೆರಿಕದ ಅಂತರ್ಯುದ್ಧಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1863ರ ಜುಲೈನಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಮೂರು ದಿನ ಕಾಳಗ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 50,000 ಮಂದಿ. ನವೆಂಬರ್ 19ರಂದು ಅಲ್ಲಿನ ಸೈನಿಕರ ಸ್ಮಶಾನದ ಉದ್ಘಾಟನೆ. ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದುನಿಂತ ಲಿಂಕನ್ ಆಡಿದ್ದು ಸುಮಾರು 270 ಪದ.

ಆ ಮಾತು ಶುರುವಾಗುವುದು ಎಂಬತ್ತೇಳು ವರ್ಷಗಳ ಹಿಂದೆ ಎಂದು. ಲೆಕ್ಕ ಹಾಕಿ ನೋಡಿ: 1776. ಸಂವಿಧಾನ ಬರೆದದ್ದು 1787ರಲ್ಲಿ. ಆ ಸಂವಿಧಾನ ಗುಲಾಮಗಿರಿಯ ಜೊತೆ ರಾಜಿ ಮಾಡಿಕೊಂಡಿತ್ತು. ಎಲ್ಲ ಮನುಷ್ಯರೂ ಸಮಾನರು ಎಂಬ ಮಾತು ಇದ್ದದ್ದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ. ದೇಶದ ಹುಟ್ಟನ್ನು ಅಲ್ಲಿಂದ ಎಣಿಸುವ ಮೂಲಕ ಲಿಂಕನ್ ಇಡೀ ಯುದ್ಧದ ಅರ್ಥವನ್ನೇ ತಿರುಗಿಸಿದರು. ಈ ಹುಡುಗರು ಸತ್ತದ್ದು ಗಡಿಗಾಗಿ ಅಲ್ಲ, ಒಂದು ಮಾತಿಗಾಗಿ. ಉಳಿದವರು ಆ ಮಾತನ್ನು ಪೂರ್ತಿ ಮಾಡಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು 1865ರ ಮಾರ್ಚ್ 4ರ ಅವರ ಎರಡನೇ ಪದಗ್ರಹಣ ಭಾಷಣ. ಯುದ್ಧ ಗೆಲ್ಲುವ ಹಂತದಲ್ಲಿತ್ತು. ಜಯಘೋಷ ಮಾಡಬಹುದಿತ್ತು. ಲಿಂಕನ್ ಮಾಡಲಿಲ್ಲ. ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಪ್ರಾರ್ಥಿಸುವುದು ಒಂದೇ ದೇವರನ್ನು, ಇಬ್ಬರ ಪ್ರಾರ್ಥನೆಯೂ ಪೂರ್ತಿ ಈಡೇರಲಿಲ್ಲ ಎಂದರು. ಗುಲಾಮರ ದುಡಿಮೆಯಿಂದ ಕೂಡಿಟ್ಟ ಸಂಪತ್ತೆಲ್ಲ ಮುಳುಗಿ, ಚಾಟಿ ಸುರಿಸಿದ ಪ್ರತಿ ಹನಿ ರಕ್ತಕ್ಕೂ ಕತ್ತಿ ಇನ್ನೊಂದು ಹನಿ ಸುರಿಸುವ ತನಕ ಯುದ್ಧ ನಡೆಯಬೇಕೆಂದು ದೇವರ ಇಚ್ಛೆಯಾದರೆ, ಆ ತೀರ್ಪೂ ನ್ಯಾಯವೇ ಎಂದರು. ಗೆಲ್ಲುತ್ತಿರುವ ದೇಶದ ನಾಯಕ ತನ್ನ ಜನರ ಮುಂದೆ ನಿಂತು, ನಾವೂ ಅಪರಾಧಿಗಳು, ನಮಗೆ ಸಿಗುತ್ತಿರುವುದು ಶಿಕ್ಷೆ ಎಂದು ಹೇಳುವುದನ್ನು ಊಹಿಸಿಕೊಳ್ಳಿ. ದೇವರು ದೇಶದ ಕೈಗೊಂಬೆಯಲ್ಲ, ದೇಶದ ನ್ಯಾಯಾಧೀಶ. ಆರು ವಾರದೊಳಗೆ, ಏಪ್ರಿಲ್ 14ರಂದು, ಗುಡ್ ಫ್ರೈಡೇ ದಿನ ಅವರಿಗೆ ಗುಂಡು ಬಿತ್ತು. ಜನ ಅವರನ್ನು ಬಲಿದಾನದ ಕಥೆಯೊಳಗೆ ಸೇರಿಸಿಕೊಳ್ಳಲು ಆ ದಿನವೊಂದೇ ಸಾಕಾಯಿತು.

ಆದರೆ ಪುಣ್ಯದಿನಗಳ ಕ್ಯಾಲೆಂಡರನ್ನು ಯಾರು ಬರೆಯುತ್ತಾರೆ ಎನ್ನುವುದು ಸಣ್ಣ ವಿಷಯವಲ್ಲ. 1865ರ ಮೇ 1ರಂದು ದಕ್ಷಿಣದ ಚಾರ್ಲ್ಸ್‌ಟನ್ ಊರಿನಲ್ಲಿ ಆಗಷ್ಟೇ ಬಿಡುಗಡೆ ಹೊಂದಿದ ಕಪ್ಪು ಜನರು ಒಂದು ಮೆರವಣಿಗೆ ನಡೆಸಿದರು. ಕುದುರೆ ಓಟದ ಮೈದಾನವೊಂದರಲ್ಲಿ ಉತ್ತರದ ಸೈನಿಕರನ್ನು ಕೈದಿಗಳಾಗಿ ಇಟ್ಟಿದ್ದರು. ಸತ್ತವರನ್ನು ಅಲ್ಲೇ ಒಟ್ಟಿಗೆ ಗುಂಡಿಗೆ ಹಾಕಿದ್ದರು. ಕಪ್ಪು ಜನರು ಆ ದೇಹಗಳನ್ನು ಮರ್ಯಾದೆಯಿಂದ ಮತ್ತೆ ಹೂಳಿ, ಬೇಲಿ ಕಟ್ಟಿ, ಹೂವು ಹಾಕಿದರು. ಸುಮಾರು 10,000 ಜನ ಸೇರಿದ್ದರು, ಶಾಲೆಯ ಮಕ್ಕಳು ಹಾಡುತ್ತಾ ಮುಂದೆ ನಡೆದರು. ಈ ನೆನಪು ಬಹುಕಾಲ ಯಾರಿಗೂ ಇರಲಿಲ್ಲ. ಇತಿಹಾಸಕಾರ ಡೇವಿಡ್ ಬ್ಲೈಟ್ ಹಳೆಯ ಕಾಗದಪತ್ರಗಳಿಂದ ಅದನ್ನು ಮತ್ತೆ ಹೊರತೆಗೆದರು. ಸತ್ತ ಸೈನಿಕರ ಅಧಿಕೃತ ಸ್ಮರಣೆಯ ದಿನದ ಕಥೆ ಶುರುವಾಗುವುದು 1868ರಿಂದ.

ಅದೇ ಹೊತ್ತಿಗೆ ಸೋತ ದಕ್ಷಿಣ ತನ್ನದೇ ನಾಗರಿಕ ಧರ್ಮ ಕಟ್ಟಿಕೊಂಡಿತು. ನಮ್ಮದು ಪವಿತ್ರವಾದ, ಆದರೆ ಸೋತ ಹೋರಾಟ ಎಂಬ ಕಥೆ ಅದು. ಸೇನಾಪತಿ ರಾಬರ್ಟ್ ಲೀ ಅದರ ಸಂತ. 1890ರಲ್ಲಿ ರಿಚ್ಮಂಡ್ ನಗರದಲ್ಲಿ ಅವನ ಬೃಹತ್ ಪ್ರತಿಮೆ ಎದ್ದಿತು. ಆ ಕಥೆಯಲ್ಲಿ ಗುಲಾಮಗಿರಿಯೇ ಮಾಯವಾಗಿತ್ತು. ಆ ಪ್ರತಿಮೆ ಇಳಿದದ್ದು 2021ರ ಸೆಪ್ಟೆಂಬರಿನಲ್ಲಿ. ನೂರಮೂವತ್ತು ವರ್ಷ ಒಂದೇ ದೇಶದೊಳಗೆ ಎರಡು ಬಲಿಪೀಠಗಳಿದ್ದವು. ನಾಗರಿಕ ಧರ್ಮ ಜನರನ್ನು ಒಂದು ಮಾಡುತ್ತದೆ ಎಂದು ಪಠ್ಯಪುಸ್ತಕದಲ್ಲಿ ಬರೆಯುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ.

ಒಂದು ಮಾಡುವ ಕೆಲಸವೂ ಸುಳ್ಳಲ್ಲ. ಅಧಿಕಾರ ಕೈ ಬದಲಾಗುವ ದಿನವನ್ನು ನೋಡಿ. 1801ರಲ್ಲಿ, ಕಹಿಯಾದ ಚುನಾವಣೆಯಲ್ಲಿ ಗೆದ್ದು ಅಮೆರಿಕದ ಅಧ್ಯಕ್ಷರಾದ ಜೆಫರ್ಸನ್, ಎರಡೂ ಪಕ್ಷಗಳ ಹೆಸರು ಹೇಳಿ, ನಾವೆಲ್ಲರೂ ಅವರೇ, ನಾವೆಲ್ಲರೂ ಇವರೇ ಎಂದರು. ಸೋತವನು ಗೆದ್ದವನ ಪಕ್ಕ ಕೂತು ಪ್ರಮಾಣವಚನ ಕೇಳುವುದು ಕಾನೂನಿನಲ್ಲಿ ಇಲ್ಲ. ಅದು ಬರೀ ಆಚರಣೆ. ಕಾನೂನು ಹೇಳದ ಇಂಥ ಎಷ್ಟೋ ನಡವಳಿಕೆಗಳ ಮೇಲೆ ಪ್ರಜಾಪ್ರಭುತ್ವ ನಿಂತಿದೆ. ಅವನ್ನು ಕಾಪಾಡುವುದು ಪೊಲೀಸರಲ್ಲ, ‘ಇದನ್ನು ಮುರಿಯಬಾರದು’ ಎಂಬ ಒಳಗಿನ ಅಳುಕು. ಆ ಅಳುಕು ಹೋದಾಗ ಸಂವಿಧಾನದ ಯಾವ ಪರಿಚ್ಛೇದವೂ ಸಾಕಾಗುವುದಿಲ್ಲ.

ಇದಕ್ಕಿಂತ ಜಾಸ್ತಿ ನಾನು ಬೆಲೆ ಕೊಡುವುದು ಇನ್ನೊಂದು ಕೆಲಸಕ್ಕೆ. ನಾಗರಿಕ ಧರ್ಮ ತುಳಿತಕ್ಕೆ ಒಳಗಾದವರಿಗೆ ವಾದ ಮಾಡಲು ಒಂದು ಆಧಾರ ಕೊಡುತ್ತದೆ. 1852ರ ಜುಲೈ 5ರಂದು ಫ್ರೆಡರಿಕ್ ಡಗ್ಲಸ್ ರೋಚೆಸ್ಟರ್ ನಗರದಲ್ಲಿ ಮಾತಾಡಿದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಅವರು. ಸ್ವಾತಂತ್ರ್ಯ ದಿನದ ಭಾಷಣಕ್ಕೆ ಕರೆದಿದ್ದರು. ಈ ಹಬ್ಬ ನಿಮ್ಮದು, ನನ್ನದಲ್ಲ ಎಂದು ಮುಖಕ್ಕೇ ಹೇಳಿದರು. ನೀವು ಸಂಭ್ರಮಿಸುತ್ತೀರಿ, ನಾನು ಶೋಕಿಸಬೇಕು ಎಂದರು. ಆದರೆ ಘೋಷಣೆಯನ್ನು ಹರಿದೆಸೆಯಲಿಲ್ಲ. ಅದನ್ನು ಬರೆದವರನ್ನು ಧೀರರು ಎಂದರು, ಸಂವಿಧಾನವನ್ನು ಸ್ವಾತಂತ್ರ್ಯದ ದಾಖಲೆ ಎಂದರು, ಆಮೇಲೆ ಅವೇ ಮಾತುಗಳಿಂದ ಎದುರಿಗೆ ಕೂತವರನ್ನು ಕಟಕಟೆಯಲ್ಲಿ ನಿಲ್ಲಿಸಿದರು.

ಒಂದು ಪವಿತ್ರ ಸ್ಥಳದ ಅರ್ಥವನ್ನೂ ಜನ ಹೀಗೇ ಬದಲಾಯಿಸಬಲ್ಲರು. 1922ರಲ್ಲಿ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಉದ್ಘಾಟನೆ ಆದಾಗ, ಗುಲಾಮರನ್ನು ಬಿಡಿಸಿದವನ ಸ್ಮಾರಕದ ಮುಂದೆಯೇ ಕಪ್ಪು ಅತಿಥಿಗಳನ್ನು ಬೇರೆ ಕೂರಿಸಿದ್ದರು. 1939ರಲ್ಲಿ ಗಾಯಕಿ ಮರಿಯನ್ ಆಂಡರ್ಸನ್‌ಗೆ ಕಪ್ಪು ಬಣ್ಣದವಳೆಂದು ನಗರದ ದೊಡ್ಡ ಸಭಾಂಗಣ ಸಿಗಲಿಲ್ಲ. ಈಸ್ಟರ್ ಭಾನುವಾರ ಅವರು ಇದೇ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು. ಕೇಳಲು 75,000 ಜನ ಬಂದರು. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ಅಲ್ಲೇ ನಿಂತು, ಸ್ವಾತಂತ್ರ್ಯ ಘೋಷಣೆ ಒಂದು ಪ್ರಾಮಿಸರಿ ನೋಟು, ಅದರ ಹಣ ಕೇಳಲು ಬಂದಿದ್ದೇವೆ ಎಂದರು. ಹೊಸ ಧರ್ಮವನ್ನು ಅವರು ತರಲಿಲ್ಲ. ಇದ್ದ ಧರ್ಮದ ಮಾತಿಗೆ ದೇಶವನ್ನು ಕಟ್ಟಿಹಾಕಿದರು. ಇಂಥ ಮಾತೇ ಇಲ್ಲದ ದೇಶದಲ್ಲಿ ಡಗ್ಲಸ್ ಆಗಲಿ ಕಿಂಗ್ ಆಗಲಿ ಯಾವುದನ್ನು ತೋರಿಸಿ ಕೇಳಬೇಕಿತ್ತು?

ಈಗ ಇನ್ನೊಂದು ಮುಖ. ಜಪಾನಿನ 1889ರ ಸಂವಿಧಾನ ಚಕ್ರವರ್ತಿಯನ್ನು ಪವಿತ್ರ ಎಂದು ಸಾರಿತು. 1890ರಲ್ಲಿ ಶಿಕ್ಷಣದ ಬಗ್ಗೆ ಚಕ್ರವರ್ತಿಯ ಆಜ್ಞಾಪತ್ರ ಬಂತು. ಅದರ ಪ್ರತಿಯನ್ನು ಚಕ್ರವರ್ತಿಯ ಭಾವಚಿತ್ರದ ಜೊತೆ ಶಾಲೆಗಳಲ್ಲಿ ಪೂಜ್ಯವಾಗಿ ಇಟ್ಟು, ಗೊತ್ತಾದ ದಿನಗಳಲ್ಲಿ ಓದುತ್ತಿದ್ದರು. 1891ರ ಜನವರಿಯಲ್ಲಿ ಟೋಕಿಯೋದ ಒಂದು ಪ್ರೌಢ ವಿದ್ಯಾಲಯದಲ್ಲಿ ಶಿಕ್ಷಕರಾಗಿದ್ದ ಉಚಿಮುರಾ ಕಾನ್ಜೋ ಚಕ್ರವರ್ತಿಯ ಸಹಿ ಇದ್ದ ಆ ಹಾಳೆಗೆ ಸಾಕಷ್ಟು ಬಗ್ಗಿ ನಮಸ್ಕರಿಸಲಿಲ್ಲ. ಅವರು ಕ್ರೈಸ್ತರು. ದೇಶವನ್ನು ಪ್ರಾಣದಷ್ಟು ಪ್ರೀತಿಸುತ್ತಿದ್ದವರು. ಆದರೂ ದೇಶದ್ರೋಹಿ ಎಂಬ ಕೂಗೆದ್ದಿತು, ಕೆಲಸ ಹೋಯಿತು.

ಅಲ್ಲಿನ ಸರ್ಕಾರದ ವಾದ ಗಮನಿಸಬೇಕಾದ್ದು. ಸಂವಿಧಾನದಲ್ಲಿ ಧರ್ಮದ ಸ್ವಾತಂತ್ರ್ಯ ಒಂದು ಮಿತಿಯೊಳಗೆ ಇತ್ತು. ಹಾಗಾಗಿ ಜಪಾನಿನ ಹಳೆಯ ಧರ್ಮವಾದ ಶಿಂಟೋದ ದೇಗುಲಗಳ ರಾಷ್ಟ್ರೀಯ ವಿಧಿಗಳು ಧರ್ಮವೇ ಅಲ್ಲ, ಬರೀ ನಾಗರಿಕ ಕರ್ತವ್ಯ ಎಂದುಬಿಟ್ಟರು. 1932ರಲ್ಲಿ ಸೋಫಿಯಾ ವಿಶ್ವವಿದ್ಯಾಲಯದ ಕೆಲವು ಕ್ಯಾಥೊಲಿಕ್ ವಿದ್ಯಾರ್ಥಿಗಳು ಯುದ್ಧದಲ್ಲಿ ಸತ್ತವರನ್ನು ಪೂಜಿಸುವ ಯಾಸುಕುನಿ ದೇಗುಲದಲ್ಲಿ ಬಗ್ಗಲು ಒಪ್ಪದಿದ್ದಾಗ ಬಂದ ಉತ್ತರವೂ ಇದೇ ಧಾಟಿಯದು: ಇದು ಪೂಜೆಯಲ್ಲ, ದೇಶನಿಷ್ಠೆ. ಇದು ಧರ್ಮ ಎಂದು ಒಪ್ಪಿಕೊಂಡಿದ್ದರೆ ಬೇಡ ಎನ್ನುವ ಹಕ್ಕು ಪ್ರಜೆಗೆ ಇರುತ್ತಿತ್ತು. ಧರ್ಮವಲ್ಲ ಎಂದ ಕೂಡಲೇ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಆದ್ದರಿಂದಲೇ ನಿಮ್ಮ ಮೊದಲ ಪ್ರಶ್ನೆ, ‘ಇದು ಧರ್ಮವೇ?’ ಎನ್ನುವುದು, ಬರೀ ಪಂಡಿತರ ಚರ್ಚೆಯಲ್ಲ. ಯುದ್ಧ ಸೋತ ಮೇಲೆ, 1945ರ ಡಿಸೆಂಬರಿನಲ್ಲಿ ಸರ್ಕಾರ ಮತ್ತು ಶಿಂಟೋ ನಡುವಿನ ನಂಟನ್ನು ಕಡಿದುಹಾಕಿದರು. 1946ರ ಜನವರಿ 1ರಂದು ಚಕ್ರವರ್ತಿ ತಾನು ದೇವರೆಂಬುದು ಸುಳ್ಳು ಕಲ್ಪನೆ ಎಂದು ಪ್ರಕಟಿಸಿದರು.

ಬೆಲ್ಲಾ ಅಮೆರಿಕದ ಬಗ್ಗೆ ಬರೆಯುವ ಮೊದಲು ಪಳಗಿದ್ದು ಜಪಾನಿನ ಅಧ್ಯಯನದಲ್ಲಿ. 1957ರ ಅವರ ಮೊದಲ ದೊಡ್ಡ ಪುಸ್ತಕ ಅಲ್ಲಿನ ಧರ್ಮದ ಮೇಲೆ. ದೇಶವೇ ದೇವರಾದರೆ ಏನಾಗುತ್ತದೆ ಎಂದು ಗೊತ್ತಿದ್ದವರು ಅವರು. 1967ರ ಪ್ರಬಂಧವನ್ನು ಹಲವರು ಅಮೆರಿಕದ ಹೊಗಳಿಕೆ ಎಂದು ಓದಿದರು. ಅದು ಬಂದದ್ದು ವಿಯೆಟ್ನಾಂ ಯುದ್ಧದ ನಡುವೆ, ಆ ಯುದ್ಧದ ಬಗ್ಗೆ ಅದರಲ್ಲಿ ಎಚ್ಚರಿಕೆ ಇತ್ತು. ಜನರ ಇಚ್ಛೆಗಿಂತ ಮೇಲೆ ಒಂದು ಅಳತೆಗೋಲು ಇರಬೇಕು, ಬಹುಮತವೂ ತಪ್ಪು ಮಾಡಬಹುದು ಎಂಬುದೇ ಅವರು ಕೆನಡಿಯ ಭಾಷಣದಲ್ಲಿ ಹುಡುಕಿದ ಅರ್ಥ. ತಮ್ಮ ಮಾತನ್ನು ಜನ ದೇಶದ ಆರಾಧನೆ ಎಂದೇ ತಿಳಿಯುತ್ತಿದ್ದುದರಿಂದ ಮುಂದೆ ‘ನಾಗರಿಕ ಧರ್ಮ’ ಎಂಬ ಪದವನ್ನು ಬಳಸುವುದನ್ನೇ ಅವರು ಬಿಟ್ಟರು.

ದೇಶ ತನ್ನ ಹೆಮ್ಮೆಯನ್ನು ಮಾತ್ರ ಪವಿತ್ರ ಮಾಡಬೇಕೆಂದೇನಿಲ್ಲ. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಸರ್ಕಾರದ ಮುಖ್ಯಸ್ಥ ವಿಲ್ಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ, ನಾತ್ಸಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಾದ ಗೆಟ್ಟೋದ ದಂಗೆಯಲ್ಲಿ ಸತ್ತವರ ಸ್ಮಾರಕಕ್ಕೆ ಹೂಮಾಲೆ ಇಟ್ಟು, ಒದ್ದೆ ನೆಲದ ಮೇಲೆ ಮೊಣಕಾಲೂರಿದರು. ಬ್ರಾಂಟ್ ಸ್ವತಃ ನಾತ್ಸಿಗಳ ವಿರೋಧಿ, ಅವರಿಂದ ತಪ್ಪಿಸಿಕೊಂಡು ದೇಶ ಬಿಟ್ಟಿದ್ದವರು. ತಮ್ಮ ತಪ್ಪಲ್ಲದ ತಪ್ಪಿಗೆ ದೇಶದ ಪರವಾಗಿ ಬಾಗಿದರು. ಆಗ ಅವರ ದೇಶದಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇದು ಅತಿ ಎನಿಸಿತು. 1996ರಿಂದ ಜನವರಿ 27 ಅಲ್ಲಿ ನಾತ್ಸಿಗಳಿಗೆ ಬಲಿಯಾದವರನ್ನು ನೆನೆಯುವ ದಿನ. 2005ರಲ್ಲಿ ಬರ್ಲಿನ್ನಿನ ನಡುಮಧ್ಯೆ 2,711 ಕಾಂಕ್ರೀಟ್ ದಿಮ್ಮಿಗಳ ಸ್ಮಾರಕ ತೆರೆಯಿತು. ರಾಜಧಾನಿಯ ಎದೆಯ ಮೇಲೆ ತನ್ನ ಅಪರಾಧವನ್ನೇ ಇಟ್ಟುಕೊಂಡ ಇದೂ ನಾಗರಿಕ ಧರ್ಮವೇ. ನನ್ನ ಮಟ್ಟಿಗೆ ಇದು ಅದರ ಅತ್ಯಂತ ಬಲವಾದ ರೂಪಗಳಲ್ಲಿ ಒಂದು.

ಇನ್ನು ಶಾಲೆಯ ಪ್ರತಿಜ್ಞೆ. ಅಮೆರಿಕದ ಬಾವುಟದ ಪ್ರತಿಜ್ಞೆಯನ್ನು ಫ್ರಾನ್ಸಿಸ್ ಬೆಲ್ಲಮಿ 1892ರಲ್ಲಿ ಬರೆದರು. ಆಗ ಅದರಲ್ಲಿ ದೇವರ ಹೆಸರಿರಲಿಲ್ಲ. ನಾಸ್ತಿಕ ಕಮ್ಯುನಿಸಂ ವಿರುದ್ಧದ ಶೀತಲ ಸಮರದ ಕಾವಿನಲ್ಲಿ, 1954ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಅದನ್ನು ಸೇರಿಸಿತು. ಶುರುವಿನಲ್ಲಿ ಪ್ರತಿಜ್ಞೆ ಹೇಳುವಾಗ ಮಕ್ಕಳು ತೋಳನ್ನು ನೇರವಾಗಿ ಮುಂದಕ್ಕೆ ಚಾಚುತ್ತಿದ್ದರು. ಹಿಟ್ಲರನ ವಂದನೆಯಂತೆ ಕಾಣುತ್ತದೆ ಎಂದು 1942ರಲ್ಲಿ ಅದನ್ನು ಬಿಟ್ಟು, ಎದೆಯ ಮೇಲೆ ಕೈ ಇಡುವ ಪದ್ಧತಿ ತಂದರು.

ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮಕ್ಕಳು ಈ ವಂದನೆ ಮಾಡಲು ಒಪ್ಪಲಿಲ್ಲ. ಬಾವುಟಕ್ಕೆ ವಂದಿಸುವುದು ವಿಗ್ರಹಾರಾಧನೆ ಎಂಬುದು ಅವರ ನಂಬಿಕೆ. ಇದೇ ಪಂಥದವರು ಜರ್ಮನಿಯಲ್ಲಿ ಹಿಟ್ಲರನಿಗೆ ವಂದಿಸಲು ಒಪ್ಪದೆ ಸೆರೆಶಿಬಿರ ಸೇರುತ್ತಿದ್ದರು. 1940ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಒಬ್ಬರನ್ನು ಬಿಟ್ಟು ಉಳಿದ ಎಂಟು ನ್ಯಾಯಮೂರ್ತಿಗಳ ಬಹುಮತದಿಂದ, ರಾಷ್ಟ್ರೀಯ ಒಗ್ಗಟ್ಟು ಮುಖ್ಯ, ಮಕ್ಕಳು ವಂದಿಸಲೇಬೇಕು ಎಂದಿತು. ಆಮೇಲೆ ಊರೂರಲ್ಲಿ ಅವರ ಮೇಲೆ ಹಲ್ಲೆಗಳಾದವು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಮಕ್ಕಳನ್ನು ಶಾಲೆಯಿಂದ ಹೊರಹಾಕಿದರು. ಪ್ಲಿನಿಯ ಪತ್ರ ನೆನಪಾಯಿತೇ? ಅಲ್ಲಿ ಧೂಪ, ಇಲ್ಲಿ ಬಾವುಟ.

ಮೂರೇ ವರ್ಷದಲ್ಲಿ ಕೋರ್ಟು ತನ್ನ ತೀರ್ಪನ್ನು ತಾನೇ ತಿರುಗಿಸಿತು. 1943ರ ಬಾರ್ನೆಟ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ತೀರ್ಪಿನ ಸಾರ ಇದು: ರಾಜಕೀಯ, ರಾಷ್ಟ್ರೀಯತೆ, ಧರ್ಮ ಈ ಯಾವುದರಲ್ಲೂ ಇದೇ ಸರಿಯಾದ ನಂಬಿಕೆ ಎಂದು ಗೊತ್ತುಮಾಡುವ ಅಧಿಕಾರ ದೊಡ್ಡ ಅಧಿಕಾರಿಗೂ ಇಲ್ಲ, ಸಣ್ಣ ಅಧಿಕಾರಿಗೂ ಇಲ್ಲ. ಅಂಥ ನಂಬಿಕೆ ತನಗಿದೆ ಎಂದು ಬಾಯಿಬಿಟ್ಟು ಸಾರುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ. ಯುದ್ಧ ಜೋರಾಗಿ ನಡೆಯುತ್ತಿದ್ದ ಕಾಲ ಅದು. ತೀರ್ಪು ಹೊರಬಿದ್ದದ್ದು ಜೂನ್ 14ರಂದು. ಆ ದೇಶದಲ್ಲಿ ಅದು ಬಾವುಟದ ದಿನ.

ಹಾಗಾಗಿ ನನ್ನ ಉತ್ತರ: ಪ್ರತಿಜ್ಞೆ ಹೇಳಿಸಬಹುದು. ಒಟ್ಟಿಗೆ ನಿಂತು ಒಂದು ಮಾತು ಹೇಳುವುದರಲ್ಲಿ ಮಗು ಕಲಿಯುವಂಥದ್ದು ಇದೆ. ಆದರೆ ಹೇಳದ ಮಗುವಿಗೆ ಶಿಕ್ಷೆ ಬೇಡ, ಅಂಕ ಕಡಿತ ಬೇಡ, ಅದನ್ನು ಎದ್ದುನಿಲ್ಲಿಸಿ ಕಾರಣ ಕೇಳುವುದೂ ಬೇಡ. ಪ್ರತಿಜ್ಞೆಯ ಜೊತೆಗೆ ಡಗ್ಲಸ್‌ನ ಭಾಷಣವನ್ನೂ ಬಾರ್ನೆಟ್ ತೀರ್ಪನ್ನೂ ಓದಿಸಿ. ಸ್ವಲ್ಪ ದೊಡ್ಡ ತರಗತಿಯಾದರೆ, ಪ್ರತಿಜ್ಞೆಯ ಯಾವ ಮಾತು ಇನ್ನೂ ಈಡೇರಿಲ್ಲ ಎಂದು ಬರೆಯಲು ಹೇಳಿ, ಆ ಬರಹಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ. ಇದನ್ನು ಮಾಡಲು ಒಬ್ಬ ಶಿಕ್ಷಕರು ಹೆದರುವಂತಿದ್ದರೆ, ಆ ಶಾಲೆಯಲ್ಲಿ ಹೇಳಿಸುತ್ತಿರುವ ಪ್ರತಿಜ್ಞೆಯ ಬಗ್ಗೆ ಪೋಷಕರು ಪ್ರಶ್ನೆ ಎತ್ತಬೇಕು.